ಸ್ಪಷ್ಟನೆ: ಆರ್‌ವಿಯ ನೀರಿನ ಕೊಳವೆಗೆ ಕಾರಿನ ಆ್ಯಂಟಿಫ್ರೀಜ್ ಸಲ್ಲದು

ಅಮೆರಿಕದ ಮಿನ್ನೆಸೋಟದಂತಹ ಶೀತ ಪ್ರದೇಶಗಳಲ್ಲಿ ಆರ್‌ವಿಯನ್ನು, ಅಂದರೆ ಅಡುಗೆಮನೆ ಮತ್ತು ಶೌಚಾಲಯಗಳಿರುವ ಪ್ರವಾಸಿ ವಾಹನವನ್ನು, ಚಳಿಗಾಲಕ್ಕೆ ನಿಲ್ಲಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕೊಳವೆಗಳಿಗೆ ಕಾರಿನ ಆ್ಯಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ತುಂಬಿದರೆ ಸಾಕು ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಕಾರಿನ ಎಂಜಿನ್‌ಗೆ ಹಾಕುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದು ಮೂತ್ರಪಿಂಡಗಳನ್ನು ಕೆಡಿಸುವ ವಿಷ, ರುಚಿ ಸಿಹಿಯಾದ್ದರಿಂದ ಸಾಕುಪ್ರಾಣಿಗಳೂ ಅದನ್ನು ನೆಕ್ಕುವುದುಂಟು. ಕುಡಿಯುವ ನೀರಿನ ಕೊಳವೆಗಳಿಗೆಂದೇ ಮಾರುವ ಗುಲಾಬಿ ಬಣ್ಣದ ದ್ರವದಲ್ಲಿ ಬಹುಮಟ್ಟಿಗೆ ಅದಕ್ಕಿಂತ ತೀರಾ ಕಡಿಮೆ ವಿಷಕಾರಿಯಾದ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ಆದರೆ ಬಣ್ಣವನ್ನಷ್ಟೇ ನಂಬಿ ಕೊಳ್ಳಬಾರದು, ಏಕೆಂದರೆ ಕಾರಿನ ದ್ರವಗಳಲ್ಲೂ ಗುಲಾಬಿಯವು ಇವೆ. ಡಬ್ಬಿಯ ಮೇಲಿನ ಬರಹವನ್ನು ಓದಲೇಬೇಕು.

ಟ್ಯಾಂಕ್ ಖಾಲಿಯಾದರೂ ಪಂಪ್, ನಲ್ಲಿ ಮತ್ತು ಸಿಂಕ್‌ನ ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ಉಳಿದಿರುತ್ತದೆ. ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುವ ಆ ನೀರೇ ಅವುಗಳನ್ನು ಸೀಳಬಲ್ಲದು. ಉಳಿದ ನೀರಿನೊಂದಿಗೆ ಬೆರೆತರೆ ಆ್ಯಂಟಿಫ್ರೀಜ್‌ನ ಶಕ್ತಿಯೂ ಕುಗ್ಗುವುದರಿಂದ, ಮೊದಲು ಕೊಳವೆಗಳನ್ನೆಲ್ಲ ಬಸಿಯಬೇಕು. ವಾಟರ್ ಹೀಟರ್ ತಣ್ಣಗಾದ ಮೇಲೆ ಅದನ್ನೂ ಬರಿದು ಮಾಡಿ, ದ್ರವವು ಹೀಟರ್‌ ಒಳಗೆ ಹೋಗದೆ ಪಕ್ಕದಿಂದ ಸಾಗುವಂತೆ ಬೈಪಾಸ್ ವಾಲ್ವ್ ತಿರುಗಿಸಬೇಕು. ಇದನ್ನು ಮರೆತವರು 6 ಗ್ಯಾಲನ್‌ನ ಹೀಟರ್‌ಗೆ ಅಷ್ಟೂ ದ್ರವವನ್ನು ವೃಥಾ ಕುಡಿಸುತ್ತಾರೆ.