ಎರಡು ಲಕ್ಷ ಕಿಲೋಮೀಟರು ಮತ್ತು ನನ್ನ ಬಿಳಿ ಶರ್ಟು

ನಮ್ಮನೆ ಗೇಟಿಂದ ಮೇನ್ ರೋಡಿಗೆ ಇನ್ನೂರು ಮೀಟರ್ ಮಣ್ಣಿನ ಏರು, ಜೂನ್ ಬಂತು ಅಂದ್ರೆ ಅದು ರಸ್ತೆ ಅಲ್ಲ ನಾಟಿ ಗದ್ದೆ, ನನ್ನ ಸಣ್ಣ ಕಾರು ಅಲ್ಲಿ ಎಮ್ಮೆ ಥರ ಮಲಗಿಬಿಡುತ್ತೆ. ಈ ಸಲ ಮಳೆ ಹಿಡಿಯೋಕೆ ಮುಂಚೆ ಒಂದು ದೊಡ್ಡ ಗಾಡಿ ತಗೊಂಡೇ ಬಿಡೋಣ ಅಂತ ಹೊರಟೆ. ಹೊಸದಕ್ಕೆ ದುಡ್ಡಿಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ತೋಟದವರೊಬ್ಬರ ಹತ್ರ 2011ರ ಸ್ಕಾರ್ಪಿಯೋ ಇದೆ, ಕೆಎ-14, ಒಬ್ಬರೇ ಓನರ್, 2,18,000 ಕಿಲೋಮೀಟರ್ ಓಡಿದೆ, ಮೂರು ಮುಕ್ಕಾಲು ಲಕ್ಷ ಹೇಳ್ತಿದಾರೆ ಅಂತ ಭಾವ ಸುದ್ದಿ ತಂದ. "ಡೀಸೆಲ್ ಎಂಜಿನ್ನು ಎರಡು ಲಕ್ಷ ದಾಟಿದ ಮೇಲೇನೇ ಸೆಟ್ ಆಗೋದು" ಅಂತ ಬೇರೆ ಸೇರಿಸಿದ. ಅವನು ಮದುವೆ ಸಂಬಂಧ ಕುದುರಿಸೋದೂ ಹಿಂಗೇ, ಗಂಡಿಗೆ ನಲವತ್ತಾಗಿದ್ರೆ ಪ್ರಬುದ್ಧ ಅಂತಾನೆ.

ನಮ್ಮನೆಯವಳು ಮಾತ್ರ ಫೋನಲ್ಲಿ ಲೆಕ್ಕ ಹಾಕಿ, ಭೂಮಿನ ಐದು ಸುತ್ತು ಹಾಕಿ ಬಂದಿರೋ ಗಾಡಿಗೆ ನಮ್ಮನೆ ಏರು ಹತ್ತೋಕೆ ಉಸಿರು ಉಳಿದಿರುತ್ತಾ ಅಂದ್ಲು. ಅದೂ ಅಲ್ದೆ ಅದು ಫೋರ್ ವೀಲ್ ಡ್ರೈವ್ ಅಲ್ವಂತೆ. ಅದನ್ನ ನಾನು ನೋಡೇ ಇರಲಿಲ್ಲ, ಹೈಟ್ ನೋಡಿ ಮನಸೋತಿದ್ದೆ.

ಭಾನುವಾರ ನಮ್ಮ ಮೆಕ್ಯಾನಿಕ್‌ನ ಕೂರಿಸ್ಕೊಂಡು ಹೋದ್ವಿ. ದೊಡ್ಡವರನ್ನ ನೋಡೋಕೆ ಹೋಗ್ತಿದೀನಿ ಅಂತ ನಾನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ, ಇದೇ ಮೊದಲ ತಪ್ಪು. ಎರಡನೇ ತಪ್ಪು ಹೋದ ತಕ್ಷಣ ತಿಂಡಿಗೆ ಕೂತಿದ್ದು. ಕೊಟ್ಟೆ ಕಡುಬು, ಕಾಯಿ ಚಟ್ನಿ, ಮೇಲೆ ತುಪ್ಪ, ಬೇಡ ಬೇಡ ಅಂದ್ರೂ ಇನ್ನೊಂದು. ನಾಲ್ಕು ಕಡುಬು ತಿಂದ ಮೇಲೆ ಯಾವ ಬಾಯಲ್ಲಿ ರೇಟ್ ಇಳಿಸಿ ಅಂತ ಕೇಳೋದು ಹೇಳಿ.

ಮೆಕ್ಯಾನಿಕ್‌ಗೆ ಆ ದಾಕ್ಷಿಣ್ಯ ಇಲ್ಲ. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ಬಿಸಿ! "ನೀವು ಬರ್ತೀರಾ ಅಂತ ಸ್ವಲ್ಪ ಸ್ಟಾರ್ಟ್ ಮಾಡಿಟ್ಟಿದ್ದೆ" ಅಂದ್ರು ಯಜಮಾನ್ರು. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೇನೇ ಅದರ ಕೆಮ್ಮು ಕೇಳೋದು ಅಂತ ಅವನು ನನ್ನ ಕಿವೀಲಿ ಪಿಸುಗುಟ್ಟಿದ. ಆಮೇಲೆ ಟೈರ್ ಮೇಲಿನ ನಾಲ್ಕು ಅಂಕಿ ತೋರಿಸಿದ, ಮೊದಲೆರಡು ವಾರ, ಕೊನೆಯ ಎರಡು ವರ್ಷ. ಸ್ಟೆಪ್ನಿಲಿ 0811 ಅಂತಿತ್ತು, ಅಂದ್ರೆ 2011ರ ಎಂಟನೇ ವಾರದ್ದು, ಹದಿನೈದು ವರ್ಷ ನೆಲ ಮುಟ್ಟದೆ ಗಾಡಿ ಜೊತೆ ಊರೂರು ಸುತ್ತಿದ ಟೈರು. ಆರ್‌ಸಿ ಮುಗಿಯೋಕೆ ಇನ್ನು ನಾಲ್ಕೇ ತಿಂಗಳು, ಆಮೇಲೆ ಎಫ್‌ಸಿ, ಅಂದ್ರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಮಾಡಿಸಿ, ರಿನೀವಲ್ಲಿಗೆ 5,000 ಕಟ್ಟಿ, ಹಸಿರು ತೆರಿಗೆ ಕಟ್ಟಿದ್ರೆ ಇನ್ನೈದು ವರ್ಷ ಆಯಸ್ಸು. ಗಾಡಿ ಯಾಕೆ ಈಗಲೇ ಮಾರ್ತಿದಾರೆ ಅಂತ ಅಲ್ಲಿಗೆ ಗೊತ್ತಾಯ್ತು.

ಕೊನೆಗೆ ಮುಖ್ಯ ಪರೀಕ್ಷೆ. ಎಂಜಿನ್ ಓಡ್ತಿರೋವಾಗಲೇ ಆಯಿಲ್ ಹಾಕೋ ಬಾಯಿಯ ಮುಚ್ಚಳ ತೆಗೆದು, ಅಲ್ಲಿಂದ ಹೊಗೆ ಬುಸು ಬುಸು ಬರುತ್ತಾ ನೋಡೋದು, ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ ಅಂತ. ಬರಲಿಲ್ಲ. ಮೆಕ್ಯಾನಿಕ್ ಖುಷಿಯಾಗಿ ಬಾನೆಟ್ ಹಾಕಿದ, ನಾನು ಸ್ಟೇರಿಂಗ್ ಹಿಡಿದೆ, ಯಜಮಾನ್ರು ಪಕ್ಕ, ಭಾವ ಮೆಕ್ಯಾನಿಕ್ ಇಬ್ಬರೂ ಹಿಂದೆ. ಏನ್ ಪಿಕಪ್ಪು ಸ್ವಾಮಿ! ತೋಟದ ಏರು ಸರ್ರಂತ ಹತ್ತಿಸ್ತಿದ್ದೆ, ಮನಸಲ್ಲಿ ಆಗಲೇ ಗಾಡಿಗೆ ಪೂಜೆ ಮಾಡಿಸಿ ನಿಂಬೆಹಣ್ಣು ಹತ್ತಿಸಿಯಾಗಿತ್ತು, ಅಷ್ಟರಲ್ಲಿ ಬಾನೆಟ್ ಸಂದಿಂದ ನೀಲಿ ಹೊಗೆ, ಸುಟ್ಟ ವಾಸನೆ. ಭಾವ ಹಿಂದಿಂದ "ಸೆಟ್ ಆಗ್ತಿದೆ" ಅಂದ.

ಇಳಿದು ಬಾನೆಟ್ ಎತ್ತಿದ್ರೆ ಒಳಗೆಲ್ಲ ಆಯಿಲ್ ಅಭಿಷೇಕ. ಆಯಿಲ್ ಬಾಯಿ ಬಟಾಬಯಲು, ಮುಚ್ಚಳ ಇಲ್ಲ. ಚಿಮ್ಮಿದ ಆಯಿಲ್ಲು ಬಿಸಿ ಪೈಪಿನ ಮೇಲೆ ಬಿದ್ದು ಹೊಗೆ. ಹದಿನೈದು ವರ್ಷ ಒಂದು ಗೀರು ಬೀಳದ ಹಾಗೆ ಸಾಕಿದ್ದೆ ಅಂತ ಯಜಮಾನ್ರು ಮೆಕ್ಯಾನಿಕ್ ಮೇಲೆ ರೇಗಿದ್ರು, ಅವನು ದೇವರಾಣೆ ಸಾರ್ ಕೈಗೆ ಕೊಟ್ಟಿದ್ದೆ ಅಂದ, ಯಾವ ಸಾರ್ ಅಂತ ನಾನೂ ತಿರುಗಿ ನೋಡ್ದೆ. ಎಲ್ಲರೂ ಬಗ್ಗಿ ರಸ್ತೆಲಿ ಹುಡುಕ್ತಾ ಒಂದು ಫರ್ಲಾಂಗ್ ವಾಪಸ್ ನಡೆದ್ವಿ. ಭಾವನೇ ಮೊದಲು ನೋಡಿದ್ದು. ನನ್ನ ಶರ್ಟಿನ ಜೇಬಲ್ಲಿ ರೂಪಾಯಿಗಿಂತ ದೊಡ್ಡ ದುಂಡು ಕಪ್ಪು ಮಚ್ಚೆ, ಅದು ಮೆಲ್ಲಗೆ ಹೊಟ್ಟೆ ಕಡೆ ಇಳೀತಾ ಇತ್ತು.

ಆಮೇಲೆ ಆಯಿಲ್ ತಂದು ಹಾಕಿದ್ದು, ಎಂಜಿನ್ ಒರೆಸಿದ್ದು ಎಲ್ಲ ನನ್ನ ಖರ್ಚು. ಎಂಜಿನ್ನಿಗೇನೂ ಆಗಿರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ತಲೆ ತಗ್ಗಿಸ್ಕೊಂಡು ಬಂದೆ.

ಮೂರು ವಾರ ಆಯ್ತು, ಇನ್ನೂ ಯೋಚನೆ ಮಾಡ್ತಾನೇ ಇದೀನಿ. ಮೊನ್ನೆ ಅವರೇ ಫೋನ್ ಮಾಡಿದ್ರು. ಗಾಡಿ ವಿಷಯ ಅಂತ ಎದೆ ಹೊಡ್ಕೊಂಡ್ರೆ, "ಶರ್ಟಿನ ಕಲೆ ಹೋಯ್ತಾ?" ಅಂದ್ರು. ಇಲ್ಲ ಸಾರ್, ಏನ್ ಮಾಡಿದ್ರೂ ಹೋಗ್ತಿಲ್ಲ ಅಂದೆ.

"ಹಂಗಾದ್ರೆ ಶರ್ಟಿನ ದುಡ್ಡು ಹಿಡ್ಕೊಂಡು ಮಿಕ್ಕಿದ್ದು ಕೊಡಿ, ಗಾಡಿ ತಗೊಂಡು ಹೋಗಿ."