ಕಾಕಾನ ಅಂಗಾಲನ್ನು ಯಾರು ನೋಡಬೇಕಿತ್ತು?

ಕೇರಳದ ಕೋಳಿಕ್ಕೋಡಿನ ನಮ್ಮ ಪಕ್ಕದ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಕಳೆದ ವಾರ ಅವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ನರ್ಸ್ ಬಂದರು. ಜೊತೆಗೆ ಮೂಲೆಯ ಕಿರಾಣಿ ಅಂಗಡಿಯವರೂ ಬಂದಿದ್ದರು. ನೀವೇಕೆ ಬಂದಿರಿ ಎಂದು ಕೇಳಿದೆ. ‘ಈ ಓಣಿಯ ಸ್ವಯಂಸೇವಕ ನಾನೇ. ನಿಮ್ಮ ಊರಿನಲ್ಲಿ ಯಾರು ಬರುತ್ತಾರೆ?’ ಎಂದರು.

ಉತ್ತರ ಹೊಳೆಯಲಿಲ್ಲ. ಜಮಖಂಡಿ ಹತ್ತಿರದ ನಮ್ಮ ಊರಿನಲ್ಲಿ ಕಾಕಾ ಎರಡು ವರ್ಷದ ಹಿಂದೆ ಬಲಗಾಲಿನ ಎರಡು ಬೆರಳು ಕಳೆದುಕೊಂಡರು. ಬರಿಗಾಲಲ್ಲಿ ಕಬ್ಬಿಗೆ ನೀರು ಹಾಯಿಸುವಾಗ ಮುಳ್ಳು ನೆಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಕಾಯಿಲೆ ನರಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಕಾಕೂನ ಕಣ್ಣಿಗೆ ಬೀಳುವಷ್ಟರಲ್ಲಿ ಕೀವು ತುಂಬಿತ್ತು.

ನಮ್ಮಲ್ಲಿ ಶಿಬಿರಗಳಿಗೆ ಬರವಿಲ್ಲ. ವಿಶ್ವ ಮಧುಮೇಹ ದಿನವೆಂದು ನವೆಂಬರ್ 14ಕ್ಕೆ ಶಾಲೆಯ ಮುಂದೆ ಪೆಂಡಾಲ್, ಹಾರ, ಶಾಲು, ಭಾಷಣ. ಬೆರಳಿಗೊಂದು ಸೂಜಿ, ಕೈಗೊಂದು ಚೀಟಿ. ಕಾಕಾನ ಕಿಸೆಯಲ್ಲಿ ಅಂಥ ಮೂರು ವರ್ಷದ ಚೀಟಿಗಳಿದ್ದವು, ಮೂರರಲ್ಲೂ ಸಕ್ಕರೆ ಹೆಚ್ಚೇ ಇತ್ತು. ಗುಳಿಗೆ ತೆಗೆದುಕೊಂಡಿರೇನು ಎಂದು ಮುಂದಿನ ನವೆಂಬರ್‌ವರೆಗೆ ಯಾರೂ ಕೇಳಲಿಲ್ಲ. ಆಶಾ ಕಾರ್ಯಕರ್ತೆಯನ್ನು ದೂರಲಾರೆ. ಬಾಣಂತಿ, ಕೂಸು, ಲಸಿಕೆ, ಸಮೀಕ್ಷೆ ಎಲ್ಲವೂ ಅವರೊಬ್ಬರ ತಲೆಯ ಮೇಲಿವೆ.

ಇಲ್ಲಿ ಕೋಳಿಕ್ಕೋಡಿನಲ್ಲಿ 1993ರಲ್ಲಿ ವೈದ್ಯರು ನೋವು ಉಪಶಮನಕ್ಕೆಂದು ಆರಂಭಿಸಿದ ಕೆಲಸವನ್ನು ಮುಂದೆ ನೆರೆಹೊರೆಯವರೇ ಹೊತ್ತರು. 2008ರಲ್ಲಿ ಅದು ಸರ್ಕಾರದ ನೀತಿಯಾಯಿತು. ಅಂಗಡಿಯವರ ಗಲ್ಲಾಪೆಟ್ಟಿಗೆಯ ಪಕ್ಕ ಅದಕ್ಕಾಗಿ ಒಂದು ಡಬ್ಬಿ ಇದೆ, ಅಕ್ಕಿ ಕೊಳ್ಳಲು ಬಂದವರು ಚಿಲ್ಲರೆ ಹಾಕುತ್ತಾರೆ. ಊರಿನ ದುಡ್ಡು, ಊರಿನವರ ಸರದಿ. ಆದ್ದರಿಂದಲೇ ಅನುದಾನ ನಿಂತಿತೆಂದು ಯಾರೂ ಗಂಟುಮೂಟೆ ಕಟ್ಟುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹವಿದ್ದರೆ ಕೇರಳದಲ್ಲಿ ಶೇ 25.5. ನೆರೆಯವರು ಹುಣ್ಣನ್ನು ನೋಡಿಕೊಂಡರು, ಕಾಯಿಲೆಯನ್ನು ತಡೆಯಲಿಲ್ಲ. ನಮ್ಮವರಿಗೆ ಕೂಡಿ ದುಡಿಯಲು ಬರುವುದಿಲ್ಲ ಎಂದೂ ಹೇಳಲಾರೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದು ಹೊರಟವರಿಗೆ ನಮ್ಮ ಕಡೆಯವರು ದಾರಿಯುದ್ದಕ್ಕೂ ದಾಸೋಹ ಇಡುತ್ತಾರೆ, ಬೊಬ್ಬೆ ಎದ್ದ ಕಾಲಿಗೆ ಮುಲಾಮು ಹಚ್ಚುತ್ತಾರೆ. ಕಾಕಾ ಇಪ್ಪತ್ತು ವರ್ಷ ಅದಕ್ಕೆ ಜೋಳ ಕೊಟ್ಟವರು.

ನಿನ್ನೆ ಊರಿನ ಭಜನಾ ಮಂಡಳಿಯ ಹಿರಿಯರಿಗೆ ಫೋನ್ ಮಾಡಿದೆ. ಸೋಮವಾರ ಭಜನೆಗೆ ಕೂಡುವ ಮುನ್ನ ಸಕ್ಕರೆ ಕಾಯಿಲೆ ಇದ್ದವರ ಅಂಗಾಲು ನೋಡಲು ಆಗುತ್ತದೆಯೇ ಎಂದು ಕೇಳಿದೆ.

‘ಚಪ್ಪಲಿ ಹೇಗೂ ಹೊರಗೇ ಬಿಟ್ಟಿರುತ್ತಾರೆ ತಮ್ಮಾ, ಈ ಸೋಮವಾರವೇ ನೋಡೋಣ’ ಎಂದರು.