ತಿರುಗಿಸಿ ಬರೆದ ಕೆ

ಮೈದಾನದಿಂದ ಈಗಷ್ಟೇ ಬಂದೆ. ಕಾಫಿಗೂ ಇಟ್ಟಿಲ್ಲ. ಕೋಪ ಆರುವ ಮೊದಲು ಬರೆದುಬಿಡುತ್ತೇನೆ.

ಮಗನ ಬೇಸ್‌ಬಾಲ್ ತಂಡಕ್ಕೆ ನಾನೇ ಸ್ಕೋರರ್ ಅನ್ನೋದು ನಿಮಗೆಲ್ಲ ಗೊತ್ತು. ದಾವಣಗೆರೆಯಲ್ಲಿ ಅಣ್ಣಂದಿರ ಟೆನಿಸ್ ಬಾಲ್ ಮ್ಯಾಚಿಗೆ ಇದ್ದಿಲಿನಲ್ಲಿ ಗೋಡೆ ಮೇಲೆ ರನ್ ಬರೆಯುತ್ತಿದ್ದವಳು, ಈಗ ನ್ಯೂಜೆರ್ಸಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಪೆನ್ಸಿಲ್ ಹಿಡಿದು ಕೂರುತ್ತೇನೆ. ಮಿಕ್ಕವರಿಗೆಲ್ಲ ಫೋನಿನ ಆ್ಯಪ್ ಸಾಕು. ನನಗೆ ಪುಸ್ತಕವೇ ಆಗಬೇಕು. ಬೀಸಿ ತಪ್ಪಿದರೆ ಒಂದು ಸ್ಟ್ರೈಕ್; ನೆಲದಲ್ಲಿ ಹುಗಿದ ಬಿಳಿ ಪ್ಲೇಟಿನ ಮೇಲೆ ಹಾದ ಒಳ್ಳೇ ಚೆಂಡನ್ನು ಬಿಟ್ಟರೂ ಸ್ಟ್ರೈಕ್. ಮೂರಾದರೆ ಔಟ್. ಮೂರನೇ ಸ್ಟ್ರೈಕಿಗೆ ಬೀಸಿ ತಪ್ಪಿದರೆ ಇಂಗ್ಲಿಷಿನ ಕೆ ಅಕ್ಷರ ಬರೆಯಬೇಕು. ಬೀಸದೆ ಸುಮ್ನೆ ನೋಡುತ್ತಾ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಇವತ್ತು ಅಂಥ ತಿರುಗಿದ ಕೆ ನಾಲ್ಕು ಬರೆದೆ.

ನಾಲ್ಕನೆಯದು ನಮ್ಮವನದು.

ನನ್ನ ಸಿಟ್ಟು ಹುಡುಗರ ಮೇಲಲ್ಲ. ಎರಡು ಸ್ಟ್ರೈಕ್ ಆದ ಕೂಡಲೇ ಬೇಲಿಯ ಈಚೆ ಶುರುವಾಗುತ್ತದಲ್ಲ, ಆ ಗಲಾಟೆಯ ಮೇಲೆ. "ಪ್ಲೇಟ್ ಕಾಪಾಡ್ಕೋ!" "ನೋಡ್ತಾ ನಿಲ್ಬೇಡ!" "ಬೀಸೋ!" ಹತ್ತು ವರ್ಷದ ಮಗು. 46 ಅಡಿ ದೂರದಲ್ಲಿ ಅದಕ್ಕಿಂತ ಒಂದು ಗೇಣು ಎತ್ತರದ ಪಿಚರ್, ಅಂದರೆ ಚೆಂಡೆಸೆಯುವ ಹುಡುಗ. ಸುತ್ತ ಹದಿನೈದು ದೊಡ್ಡವರ ಗಂಟಲು. ಔಟಾಗಿ ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರೋದು ಬೇರೆ, ಮನೆ ಹರಾಜಿಗೆ ಬಂದವರ ಹಾಗೆ.

ಎರಡು ಸ್ಟ್ರೈಕ್ ಆದ ಮೇಲೆ ಹೇಗೆ ಆಡಬೇಕು ಅಂತ ಇವರು ಒಂದು ದಿನವಾದರೂ ಹೇಳಿಕೊಟ್ಟಿದ್ದಾರಾ? ಇಲ್ಲ. ಒಂದೂ ಪ್ರಾಕ್ಟೀಸ್ ತಪ್ಪಿಸದೆ ಕೂತವಳು ನಾನು, ನನಗೆ ಗೊತ್ತು. ಒಬ್ಬೊಬ್ಬನಿಗೂ ಹತ್ತು ಹತ್ತು ಚೆಂಡು. ಎಲ್ಲವೂ ಮೆತ್ತಗೆ, ನಟ್ಟನಡುವೆ. ಸ್ಟ್ರೈಕ್ ಲೆಕ್ಕವೇ ಇಲ್ಲ. ಕಣ್ಣು ಮುಚ್ಚಿ ಬೀಸಿದರೂ ಚಪ್ಪಾಳೆ. ಜೊತೆಗೆ ಒಂದು ಉಪದೇಶ: "ನಿನಗೆ ಬೇಕಾದ ಚೆಂಡು ಬರೋವರೆಗೂ ಕಾಯಿ." ಶನಿವಾರ ಬಂದರೆ ಕಾದಿದ್ದೇ ತಪ್ಪು. ಈಜು ಕಲಿಸದೆ ಬಾವಿಗೆ ತಳ್ಳಿ, ಕಟ್ಟೆ ಮೇಲೆ ನಿಂತು "ಕೈ ಬಡಿ, ಕಾಲು ಬಡಿ" ಅಂದ ಹಾಗಾಯಿತು.

ಹೇಳಿಕೊಡೋಕೆ ಇದೇನು ಬ್ರಹ್ಮವಿದ್ಯೆಯೂ ಅಲ್ಲ. ಬ್ಯಾಟನ್ನು ಒಂದಿಂಚು ಮೇಲಕ್ಕೆ ಹಿಡಿ. ಕಾಲು ಸ್ವಲ್ಪ ಅಗಲ. ಮುಂಗಾಲು ಎತ್ತಿ ಇಡುವ ಗತ್ತು ಬಿಡು. ಪ್ಲೇಟಿಗೆ ಚೂರು ಹತ್ತಿರ ನಿಲ್ಲು. ಬೀಸು ಚಿಕ್ಕದಿರಲಿ. ಪ್ಲೇಟಿನ ಅಗಲ 17 ಇಂಚು, ಆದರೆ ನಮ್ಮ ಅಂಪೈರ್ ಹೈಸ್ಕೂಲ್ ಹುಡುಗ. ಅವನ ಪ್ಲೇಟು ಅವನ ಊಟದ ಸಮಯ ಹತ್ತಿರವಾದಷ್ಟೂ ಅಗಲವಾಗುತ್ತದೆ. ಅದಕ್ಕೇ ಆಚೆ ಅಂಚಿನಿಂದ ಒಂದು ಚೆಂಡಿನಷ್ಟು ಹೊರಗೆ ಬಂದರೂ ಬ್ಯಾಟ್ ತಾಗಿಸು. ಇಷ್ಟೇ.

ತಾಗಿಸಿದರೆ ಸಾಕು ಅನ್ನೋದು ನನಗೆ ಅರ್ಥವಾಗೋಕೇ ಎರಡು ಸೀಸನ್ ಬೇಕಾಯಿತು. ಕ್ರಿಕೆಟ್ ನೋಡಿ ಬೆಳೆದವಳಿಗೆ ಬ್ಯಾಟಿನ ಅಂಚು ಅಂದರೆ ಎದೆ ಧಸಕ್. ಇಲ್ಲಿ ಎರಡು ಸ್ಟ್ರೈಕ್ ಆದ ಮೇಲೆ ಅಂಚು ತಾಗಿ ಪಕ್ಕಕ್ಕೋ ಹಿಂದಕ್ಕೋ ಹಾರಿದರೆ ಫೌಲ್, ಇನ್ನೊಂದು ಚೆಂಡು ಸಿಕ್ಕಿತು. ಯಾರೂ ನೆಲಕ್ಕೆ ಬೀಳದಂತೆ ಹಿಡಿಯಬಾರದು, ಬಂಟ್ ಮಾಡೋಕೆ (ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡು ತಟ್ಟೋಕೆ) ಹೋಗಿರಬಾರದು, ಅಷ್ಟೇ. ಇವತ್ತು ಎದುರು ತಂಡದ ಒಬ್ಬ ಕಡ್ಡಿಯಂಥ ಹುಡುಗ ಹೀಗೆ ಐದು ಫೌಲ್ ಹೊಡೆದ. ಕೊನೆಗೆ ನಾಲ್ಕನೇ ಬಾಲ್ (ಸ್ಟ್ರೈಕ್ ಆಗದೆ ಹೊರಗೆ ಹೋದ, ಬೀಸದೆ ಬಿಟ್ಟ ಚೆಂಡು) ಆಗಿ ನಡೆದುಕೊಂಡು ಮೊದಲನೇ ಬೇಸಿಗೆ ಹೋದ. ಈ ವಯಸ್ಸಿನ ಪಿಚರ್‌ಗೆ ಲಿಟ್ಲ್ ಲೀಗ್ ನಿಯಮದಂತೆ ದಿನಕ್ಕೆ 75 ಎಸೆತವೇ ಮಿತಿ. ಒಬ್ಬನೇ ಹುಡುಗ ಎಷ್ಟು ತಿಂದುಹಾಕಿದ ನೋಡಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟಿದೆ. ನಮ್ಮವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.

ಮಗನನ್ನು ಅರ್ಧ ಗಂಟೆಯ ದುಬಾರಿ ಕ್ಲಾಸಿಗೆ ಕಳಿಸುವ ಒಬ್ಬ ಅಪ್ಪ ಪಕ್ಕದಲ್ಲೇ ಇದ್ದರು. "ಅದೆಲ್ಲ ಹಳೇ ಕಾಲ. ಈಗ ದೊಡ್ಡ ಲೀಗ್‌ನಲ್ಲೇ ಸ್ಟ್ರೈಕ್‌ಔಟ್‌ಗೆ ಯಾರೂ ಹೆದರಲ್ಲ. ಹೋಮ್ ರನ್ ಹೊಡೆಯೋದು ಮುಖ್ಯ" ಅಂದರು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಆಯ್ತು ಸ್ವಾಮಿ. ಅವರಿಗೆ ವರ್ಷಕ್ಕೆ 162 ಆಟ. ನಮ್ಮ ಹುಡುಗನಿಗೆ ಶನಿವಾರಕ್ಕೆ ಎರಡು ಸಲ ಬ್ಯಾಟ್ ಸಿಕ್ಕರೆ ಪುಣ್ಯ. ದೊಡ್ಡವರ ಮಾತೇ ಬೇಕಾದರೆ ಸ್ಯಾನ್ ಡಿಯಾಗೋದ ಟೋನಿ ಗ್ವಿನ್ ಇದ್ದರಲ್ಲ? 1982ರಿಂದ 2001ರವರೆಗೆ 20 ಸೀಸನ್, 3,141 ಹಿಟ್, ಬರೀ 434 ಸ್ಟ್ರೈಕ್‌ಔಟ್. ಹೋಮ್ ರನ್ನೇ ಬೇಕಾ? ಜೋ ಡಿಮ್ಯಾಜಿಯೊ 361 ಹೊಡೆದರು, ಸ್ಟ್ರೈಕ್‌ಔಟ್ ಆಗಿದ್ದು 369 ಸಲ. ಹಳಬರು ಬೇಡವೇ? ಜೋಯಿ ವೋಟೊ ಎರಡು ಸ್ಟ್ರೈಕ್ ಆದರೆ ಬ್ಯಾಟನ್ನು ಮೇಲಕ್ಕೆ ಹಿಡಿಯುತ್ತಿದ್ದುದನ್ನು ಎಲ್ಲರೂ ನೋಡಿದ್ದಾರೆ. 2010ರಲ್ಲಿ ನ್ಯಾಷನಲ್ ಲೀಗ್‌ನ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದವರಿಗೆ ಇಲ್ಲದ ನಾಚಿಕೆ ನಾಲ್ಕನೇ ಕ್ಲಾಸಿನ ಹುಡುಗನಿಗೆ ಯಾಕೆ? ಹತ್ತು ವರ್ಷದವರ ಆಟದಲ್ಲಿ ಚೆಂಡು ಮೈದಾನದೊಳಗೆ ಉರುಳಿದರೆ ಸಾಕು. ಒಬ್ಬ ಅದನ್ನು ಹಿಡಿಯಬೇಕು, ಸರಿಯಾಗಿ ಎಸೆಯಬೇಕು, ಇನ್ನೊಬ್ಬ ಅದನ್ನೂ ಹಿಡಿಯಬೇಕು. ಈ ಮೂರೂ ಒಟ್ಟಿಗೆ ಆಗಿದ್ದು ನನ್ನ ಪುಸ್ತಕದಲ್ಲಿ ಅಪರೂಪ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಇವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಅದೂ ಕನ್ನಡದಲ್ಲಿ. "ಹೊಡಿಯೋ ಪುಟ್ಟಾ!" ಅವನು ಒಂದು ಗಳಿಗೆ ನನ್ನ ಕಡೆ ಕಣ್ಣು ಹೊರಳಿಸಿದ. ಚೆಂಡು ನಡುವಿನಲ್ಲೇ ಹೋಯಿತು. ಕೆ ತಿರುಗಿಸಿ ಬರೆಯುವಾಗ ಕೈ ಬರಲಿಲ್ಲ. ನೇರ ಕೆ ಬರೆದುಬಿಡೋಣ, ಬೀಸಿದ್ದ ಅಂತಾಗಲಿ, ಯಾರು ನೋಡ್ತಾರೆ ಅನ್ನಿಸಿತು. ಬರೆದೂ ಬಿಟ್ಟೆ. ಆಮೇಲೆ ರಬ್ಬರ್ ಹಾಕಿ ಅಳಿಸಿದೆ.

1996ರಲ್ಲಿ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು ಎಂಟು ವಿಕೆಟ್ ಬಿದ್ದು ಇನ್ನೂ 52 ಬೇಕಿದ್ದಾಗ ಕುಂಬ್ಳೆ, ಶ್ರೀನಾಥ್ ಆಡಿದ್ದು ನೆನಪಿದೆಯಾ? ಇಬ್ಬರ ಅಮ್ಮಂದಿರೂ ಅಲ್ಲೇ ಕೂತು ನೋಡುತ್ತಿದ್ದರು. ಹೇಗೆ ಕೂತಿದ್ದರೋ ತಾಯಂದಿರು.

ಕಾರಿನಲ್ಲಿ ಮಗ ಕೇಳಿದ: "ಅಮ್ಮಾ, ಕೋಚ್ ಕಾಯಿ ಅಂತಾರೆ, ನೀನು ಹೊಡಿ ಅಂತೀಯ. ಯಾರ ಮಾತು ಕೇಳ್ಲಿ?" ಉತ್ತರ ಗೊತ್ತಾಗದೆ ಸಿಗ್ನಲ್ ನೋಡುತ್ತಾ ಕೂತೆ.

ಮನೆಗೆ ಬಂದು ಕೋಚ್‌ಗೆ ಮೆಸೇಜ್ ಹಾಕಿದೆ. ಮಂಗಳವಾರದ ಪ್ರಾಕ್ಟೀಸಿನಲ್ಲಿ ಕೊನೇ ಹತ್ತು ನಿಮಿಷ ಎಲ್ಲರಿಗೂ ಎರಡು ಸ್ಟ್ರೈಕ್‌ನಿಂದಲೇ ಶುರು ಮಾಡಿಸಿ, ಚೆಂಡು ಹೆಕ್ಕೋಕೆ ನಾನು ಬರ್ತೀನಿ ಅಂತ. ಒಂದು ಹೆಬ್ಬೆಟ್ಟು ಬಂದಿದೆ. ಅದರ ಅರ್ಥ ಮಂಗಳವಾರವೇ ಗೊತ್ತಾಗಬೇಕು.

ಅಲ್ಲಿಯವರೆಗೆ ಯಾರು ಕಾಯ್ತಾರೆ? ಹೊರಗೆ ಅವರಪ್ಪ ಟೆನಿಸ್ ಬಾಲ್ ಎಸೀತಿದ್ದಾರೆ. ಗ್ಯಾರೇಜ್ ಬಾಗಿಲಿಗೆ ಧಡ್ ಅಂತ ಇನ್ನೊಂದು ಬಿತ್ತು. ಫೌಲ್ ಅಂತೆ.